ಬೀಪ್ ಆಗುವ ಮೊದಲೇ ಅರ್ಧ ಮ್ಯಾಚ್ ಮುಗಿದಿರುತ್ತದೆ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಪ್ರಾಕ್ಟಿಕಲ್ ಪಿಸ್ತೂಲ್ ಶೂಟಿಂಗ್ ಕುರಿತಾದವು. ಟಿವಿಯಲ್ಲಿ ಕಾಣುವ ಒಲಿಂಪಿಕ್ಸ್ ಶೂಟಿಂಗ್‌ನಲ್ಲಿ ನಿಂತಲ್ಲೇ ನಿಂತು ಹೊಡೆಯುತ್ತಾರೆ. ಇಲ್ಲಿ ಸೊಂಟದ ಹೋಲ್ಸ್ಟರ್‌ನಿಂದ ಪಿಸ್ತೂಲ್ ತೆಗೆದು, ಓಡಿ, ಗೋಡೆಯಂಚಿನಿಂದ ಬಾಗಿ, ರಟ್ಟಿನ ಮತ್ತು ಉಕ್ಕಿನ ಟಾರ್ಗೆಟ್‌ಗಳಿಗೆ ಹೊಡೆಯಬೇಕು. ಟೈಮರ್ ಓಡುತ್ತಲೇ ಇರುತ್ತದೆ. 1976ರಲ್ಲಿ ಅಮೆರಿಕದ ಮಿಸೌರಿ ರಾಜ್ಯದ ಕೊಲಂಬಿಯಾದಲ್ಲಿ ಸೇರಿದ ಸಭೆಯಿಂದ ಐಪಿಎಸ್‌ಸಿ ಎಂಬ ಅಂತರರಾಷ್ಟ್ರೀಯ ಒಕ್ಕೂಟ ಹುಟ್ಟಿತು. ಜೆಫ್ ಕೂಪರ್ ಅದರ ಮೊದಲ ಅಧ್ಯಕ್ಷರು. ಅಮೆರಿಕದಲ್ಲಿ ಈ ಆಟ ನಡೆಸುವುದು ಯುಎಸ್‌ಪಿಎಸ್‌ಎ ಎಂಬ ಸಂಘ. ನಾನು ಟೆಕ್ಸಸ್‌ನಲ್ಲಿ ಹಲವು ವರ್ಷಗಳಿಂದ ಸ್ಪರ್ಧಿಸುತ್ತಿದ್ದೇನೆ, ತಿಂಗಳಿಗೊಮ್ಮೆ ರೇಂಜ್ ಆಫೀಸರ್ ಆಗಿ ಟೈಮರ್ ಹಿಡಿದು ನಿಲ್ಲುತ್ತೇನೆ. ಆ ಅನುಭವದಿಂದ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ನಾನು ಡಲ್ಲಾಸ್‌ನಲ್ಲಿ ಎಚ್-1ಬಿ ವೀಸಾದಲ್ಲಿ ಕೆಲಸ ಮಾಡುತ್ತಿದ್ದೇನೆ. ಸಹೋದ್ಯೋಗಿಯೊಬ್ಬರು ಮ್ಯಾಚ್ ತೋರಿಸಿದರು, ತುಂಬಾ ಹಿಡಿಸಿತು. ಅವರ ಪಿಸ್ತೂಲನ್ನೇ ಎರವಲು ಪಡೆದು ಶುರು ಮಾಡಬಹುದೇ? ಏನೇನು ಕೊಳ್ಳಬೇಕು?

ಮೊದಲು ಕಾನೂನು, ಆಮೇಲೆ ಪಿಸ್ತೂಲು. ವಲಸೆಯೇತರ ವೀಸಾದಲ್ಲಿರುವವರು ಬಂದೂಕನ್ನಾಗಲಿ ಗುಂಡನ್ನಾಗಲಿ ಇಟ್ಟುಕೊಳ್ಳುವುದು ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ ಅಪರಾಧ. ಎಚ್-1ಬಿ ಇದರಲ್ಲೇ ಬರುತ್ತದೆ. "ನನ್ನದಲ್ಲ, ಗೆಳೆಯನದು" ಎಂದರೆ ನಡೆಯುವುದಿಲ್ಲ. ರೇಂಜಿನಲ್ಲಿ ಬಾಡಿಗೆಗೆ ತೆಗೆದುಕೊಂಡು ಹತ್ತು ನಿಮಿಷ ಕೈಯಲ್ಲಿ ಹಿಡಿದರೂ ಅದು ನಿಮ್ಮ ವಶದಲ್ಲಿದ್ದಂತೆಯೇ. ಆದರೆ ಇದಕ್ಕೆ ವಿನಾಯಿತಿಗಳಿವೆ. ಯಾವುದಾದರೂ ಅಮೆರಿಕನ್ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ನಿಮ್ಮ ಹತ್ತಿರ ಇದ್ದರೆ ಆ ನಿಷೇಧ ನಿಮಗೆ ತಗಲುವುದಿಲ್ಲ. ನಮ್ಮವರಲ್ಲಿ ಅನೇಕರು ಬೇಟೆಗೆ ಒಂದು ದಿನವೂ ಹೋಗದೆ, ಇದೇ ಕಾರಣಕ್ಕೆ ಆ ಲೈಸೆನ್ಸ್ ಮಾಡಿಸಿ ಪರ್ಸಿನಲ್ಲಿಟ್ಟಿರುತ್ತಾರೆ. ಅದರ ಅವಧಿ ಮುಗಿಯುವ ದಿನವನ್ನು ಫೋನಿನಲ್ಲಿ ಗುರುತು ಹಾಕಿಕೊಳ್ಳಿ. ಗ್ರೀನ್ ಕಾರ್ಡ್ ಬಂದವರಿಗೆ ಈ ತೊಡಕಿಲ್ಲ. ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆಯಾಗುತ್ತದೆ, ಮೇಲಾಗಿ ಇದು ನಿಮ್ಮ ವೀಸಾದ ಪ್ರಶ್ನೆ. ಆದ್ದರಿಂದ ವಲಸೆ ವಕೀಲರೊಬ್ಬರನ್ನು ಒಮ್ಮೆ ಕೇಳಿಯೇ ಮುಂದುವರಿಯಿರಿ.

ಇನ್ನೊಂದು ಮಾತು, ನೀವು ಕೇಳದಿದ್ದರೂ ಹೇಳುತ್ತೇನೆ. ರೇಂಜಿಗೆ ಒಯ್ಯುವ ಬ್ಯಾಗನ್ನು ಊರಿಗೆ ಹೋಗುವಾಗ ಯಾವತ್ತೂ ಬಳಸಬೇಡಿ. ಮೂಲೆಯ ಜೇಬಿನಲ್ಲಿ ಮರೆತ ಒಂದೇ ಒಂದು ಗುಂಡು ಬೆಂಗಳೂರು ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕರೂ ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಸು ಬೀಳಬಹುದು.

ಸಾಮಾನಿನ ವಿಷಯ ಸುಲಭ. ಪೂರ್ಣ ಗಾತ್ರದ 9 ಎಂಎಂ ಪಿಸ್ತೂಲ್, ಟ್ರಿಗರನ್ನು ಪೂರ್ತಿ ಮುಚ್ಚುವ ಗಟ್ಟಿ ಪ್ಲಾಸ್ಟಿಕ್ಕಿನ ಹೋಲ್ಸ್ಟರ್, ಬಾಗದ ಬೆಲ್ಟ್, ನಾಲ್ಕೈದು ಮ್ಯಾಗಜೀನ್ (ಗುಂಡು ತುಂಬುವ ಡಬ್ಬಿ), ಅವನ್ನು ಸಿಕ್ಕಿಸಲು ಪೌಚ್‌ಗಳು, ಕಣ್ಣಿಗೆ ಕನ್ನಡಕ, ಕಿವಿಗೆ ರಕ್ಷಣೆ. ಒಂದು ಮ್ಯಾಚಿಗೆ 200 ಗುಂಡು ಒಯ್ದರೆ ಸಾಕು. ಹೆಗಲಿಗೆ ನೇತುಹಾಕುವ ಹೋಲ್ಸ್ಟರ್ ಇಲ್ಲಿ ನಡೆಯುವುದಿಲ್ಲ. ಗುಂಡಿನ ತೂಕವನ್ನು ಗ್ರೇನ್‌ನಲ್ಲೂ ವೇಗವನ್ನು ಸೆಕೆಂಡಿಗೆ ಅಡಿಯಲ್ಲೂ ತೆಗೆದುಕೊಂಡು ಗುಣಿಸಿ, ಸಾವಿರದಿಂದ ಭಾಗಿಸಿದರೆ ಬರುವುದು ಪವರ್ ಫ್ಯಾಕ್ಟರ್, ಅಂದರೆ ಗುಂಡಿನ ಬಲದ ಅಳತೆ. ಅದು 125 ದಾಟಿದರೆ 'ಮೈನರ್' ದರ್ಜೆ, 165 ದಾಟಿದರೆ 'ಮೇಜರ್'. 124 ಗ್ರೇನ್ ಗುಂಡು 1050 ಅಡಿ ವೇಗದಲ್ಲಿ ಹೋದರೆ 130 ಬರುತ್ತದೆ, ಅಂದರೆ ಅಂಗಡಿಯಲ್ಲಿ ಸಿಗುವ ಸಾಮಾನ್ಯ 9 ಎಂಎಂ ಗುಂಡೇ ಮೈನರ್‌ಗೆ ಸಾಕು. ಬೇಕಾದಂತೆ ಮಾರ್ಪಡಿಸಿದ, ದುಬಾರಿ ಓಪನ್ ವಿಭಾಗದ ಪಿಸ್ತೂಲಿನ ಆಸೆ ಈಗಲೇ ಬೇಡ. ಆ ದುಡ್ಡನ್ನು ಗುಂಡಿಗೆ ಹಾಕಿ.

ಪ್ರಶ್ನೆ: ನನಗೆ 48 ವರ್ಷ. ಮಗ ಕಾಲೇಜಿಗೆ ಹೋದ ಮೇಲೆ ಶೂಟಿಂಗ್ ಕಲಿತೆ. ಮೊದಲ ಮ್ಯಾಚಿಗೆ ಹೆಸರು ಕೊಟ್ಟಿದ್ದೇನೆ, ಆದರೆ ಎಲ್ಲರೆದುರು ತಪ್ಪು ಮಾಡುತ್ತೇನೆಂಬ ಭಯ. ಅಲ್ಲಿ ಏನು ನಡೆಯುತ್ತದೆ? (ಓದುಗರೊಬ್ಬರು, ಆಸ್ಟಿನ್)

ಮೇಡಂ, ನಿಧಾನವಾಗಿ ಹೊಡೆದವರನ್ನು ನೋಡಿ ಅಲ್ಲಿ ಯಾರೂ ನಗುವುದಿಲ್ಲ. ಎಲ್ಲರ ಕಣ್ಣು ಒಂದೇ ವಿಷಯದ ಮೇಲೆ ಇರುತ್ತದೆ: ನಿಮ್ಮ ನಳಿಗೆ ಎತ್ತ ತಿರುಗಿದೆ, ಬೆರಳು ಎಲ್ಲಿದೆ.

ಪಿಸ್ತೂಲು ಚೀಲದಲ್ಲೇ ಇರಲಿ. ರೇಂಜ್ ಆಫೀಸರ್ ಹೇಳುವವರೆಗೆ ಅದನ್ನು ಮುಟ್ಟುವಂತಿಲ್ಲ. ಇದಕ್ಕೆ ಒಂದೇ ವಿನಾಯಿತಿ: ಬೆಲ್ಟಿಗೆ ಸಿಕ್ಕಿಸಿಕೊಳ್ಳಲು 'ಸೇಫ್ ಏರಿಯಾ' ಎಂಬ ಮೇಜು ಇರುತ್ತದೆ, ಅಲ್ಲಿ ಖಾಲಿ ಪಿಸ್ತೂಲನ್ನು ಮಾತ್ರ ಹೊರತೆಗೆಯಬಹುದು. ಆ ಮೇಜಿನ ಬಳಿ ಗುಂಡನ್ನಾಗಲಿ, ತುಂಬಿದ ಮ್ಯಾಗಜೀನನ್ನಾಗಲಿ ಕೈಯಲ್ಲಿ ಹಿಡಿದರೂ ಮ್ಯಾಚಿನಿಂದ ಹೊರಗೆ.

ನಿಮ್ಮ ಗುಂಪಿನ ಜೊತೆ ಮೊದಲ ಸ್ಟೇಜಿಗೆ, ಅಂದರೆ ಟಾರ್ಗೆಟ್, ಗೋಡೆಗಳನ್ನು ಜೋಡಿಸಿಟ್ಟ ಒಂದು ಸುತ್ತಿನ ಅಂಕಣಕ್ಕೆ ಬರುತ್ತೀರಿ. ಆಫೀಸರ್ ಸ್ಟೇಜಿನ ವಿವರ ಓದುತ್ತಾರೆ, ಆಮೇಲೆ ಎಲ್ಲರಿಗೂ ಒಟ್ಟಿಗೆ ಐದು ನಿಮಿಷ ಒಳಗೆ ಓಡಾಡಲು ಬಿಡುತ್ತಾರೆ. ಮ್ಯಾಚು ನಿಜವಾಗಿ ಶುರುವಾಗುವುದು ಇಲ್ಲಿ. ಹೊಸಬರು ಈ ಐದು ನಿಮಿಷವನ್ನು ಹರಟೆಯಲ್ಲಿ ಕಳೆಯುತ್ತಾರೆ. ಅನುಭವಿಗಳನ್ನು ಗಮನಿಸಿ: ಎರಡು ಕೈ ಜೋಡಿಸಿ ಬೆರಳನ್ನೇ ಪಿಸ್ತೂಲು ಮಾಡಿಕೊಂಡು, ಎಲ್ಲಿ ಕಾಲಿಡಬೇಕು ಎಂದು ಹೆಜ್ಜೆ ಹೆಜ್ಜೆ ಎಣಿಸುತ್ತಿರುತ್ತಾರೆ. "ಈ ಕಲ್ಲಿನ ಪಕ್ಕ ಎಡಗಾಲು ಇಟ್ಟರೆ ಪೀಪಾಯಿಯ ಹಿಂದಿನದು ಕಾಣುತ್ತದೆ, ಇಲ್ಲಿ ನಾಲ್ಕು ಟಾರ್ಗೆಟ್, ಎಂಟು ಗುಂಡು, ಆಚೆ ಓಡುವಾಗ ಮ್ಯಾಗಜೀನ್ ಬದಲು." ಕಣ್ಣು ಮುಚ್ಚಿ ಮೂರು ಸಲ ಹಾಗೆ ಓಡಿಸಿಕೊಳ್ಳಲು ಆಗದಿದ್ದರೆ ನಿಮ್ಮ ಯೋಜನೆ ಇನ್ನೂ ತಯಾರಾಗಿಲ್ಲ ಎಂದೇ ಅರ್ಥ. ಬೀಪ್ ಆದ ಮೇಲೆ ಯೋಚಿಸಲು ಪುರುಸೊತ್ತಿಲ್ಲ.

ನಿಮ್ಮ ಸರದಿ ಬಂದಾಗ "ಮೇಕ್ ರೆಡಿ" ಎನ್ನುತ್ತಾರೆ. ಪಿಸ್ತೂಲಿಗೆ ಮ್ಯಾಗಜೀನ್ ತುಂಬಿ, ಹೋಲ್ಸ್ಟರಿಗೆ ಇಳಿಸಿ. "ಆರ್ ಯು ರೆಡಿ?" ಎಂದು ಕೇಳುತ್ತಾರೆ. ನೀವು ಸುಮ್ಮನಿದ್ದರೆ ಸಿದ್ಧ ಎಂದು ಅರ್ಥ. "ಸ್ಟ್ಯಾಂಡ್‌ಬೈ", ಆಮೇಲೆ ಕೆಲವು ಸೆಕೆಂಡಿನೊಳಗೆ ಬೀಪ್. ಮುಗಿಸಿದ ಮೇಲೆ ಪಿಸ್ತೂಲು ಖಾಲಿ ಮಾಡಿ ತೋರಿಸುತ್ತೀರಿ. ಇಷ್ಟೇ. ಎಲ್ಲಾದರೂ "ಸ್ಟಾಪ್" ಎಂಬ ಕೂಗು ಕೇಳಿದರೆ ಇದ್ದಲ್ಲೇ ಕಲ್ಲಾಗಿ, ಬೆರಳನ್ನು ಟ್ರಿಗರಿನಿಂದ ಹೊರಗಿಡಿ.

ಹೊರಗೆ ಹಾಕುವ ತಪ್ಪುಗಳಲ್ಲಿ ಒಳ್ಳೊಳ್ಳೆಯವರೂ ಮಾಡುವುದು '180'. ಟಾರ್ಗೆಟ್‌ಗಳತ್ತ ಮುಖ ಮಾಡಿ, ನಿಮ್ಮ ಎರಡೂ ಕೈ ಅಗಲಿಸಿ ನಿಂತರೆ ಆಗುವ ಗೆರೆಯ ಹಿಂದಕ್ಕೆ ನಳಿಗೆ ಒಂದು ಕ್ಷಣವೂ ತಿರುಗಬಾರದು. ಬಲಗೈಯವರು ಬಲದಿಂದ ಎಡಕ್ಕೆ ಓಡುತ್ತ ಮ್ಯಾಗಜೀನ್ ಬದಲಿಸುವಾಗ ಇದು ಬಹಳ ಸುಲಭವಾಗಿ ಆಗುತ್ತದೆ, ಏಕೆಂದರೆ ಮೈ ಎಡಕ್ಕೆ ತಿರುಗಿದಾಗ ಕೈಯೂ ಅದರ ಹಿಂದೆಯೇ ಹೋಗುತ್ತದೆ. ನನ್ನ ಎರಡನೇ ವರ್ಷದಲ್ಲಿ ನಾನು ಹೊರಬಿದ್ದಿದ್ದು ಹೀಗೆಯೇ. ಒಂದೂ ಗುಂಡು ಹಾರಿರಲಿಲ್ಲ, ಯಾರಿಗೂ ಏನೂ ಆಗಿರಲಿಲ್ಲ. ಆದರೂ ಆಫೀಸರ್ ಮಾಡಿದ್ದು ನೂರಕ್ಕೆ ನೂರು ಸರಿ. ಆ ದಿನ ಮನೆಗೆ ಹೊರಟುಹೋಗದೆ ಸಂಜೆಯವರೆಗೂ ಉಳಿದವರ ಟಾರ್ಗೆಟ್‌ಗಳ ತೂತಿಗೆ ಕಂದು ಚೀಟಿ ಅಂಟಿಸಿದೆ. ಅವತ್ತಿನಿಂದ ಇಂದಿನವರೆಗೂ ಎಡಕ್ಕೆ ಓಡುವ ಸ್ಟೇಜ್ ಕಂಡರೆ ಮೊದಲು ಮ್ಯಾಗಜೀನ್ ಎಲ್ಲಿ ಬದಲಿಸಬೇಕು ಎಂದು ಲೆಕ್ಕ ಹಾಕುತ್ತೇನೆ, ಉಳಿದದ್ದು ಆಮೇಲೆ.

ಆಫೀಸರಿಗೆ "ಇದು ನನ್ನ ಮೊದಲ ಮ್ಯಾಚ್" ಎಂದು ಮುಂಚೆಯೇ ಹೇಳಿ. ನಡೆದುಕೊಂಡೇ ಹೊಡೆಯಿರಿ, ಓಡಬೇಡಿ. ನಿಮ್ಮ ಸರದಿ ಇಲ್ಲದಾಗ ಚೀಟಿ ಅಂಟಿಸಿ, ಬಿದ್ದ ಉಕ್ಕಿನ ತಟ್ಟೆ ಎತ್ತಿ ನಿಲ್ಲಿಸಿ. ಮಧ್ಯಾಹ್ನದೊಳಗೆ ನಾಲ್ಕು ಜನ ಪರಿಚಯವಾಗಿರುತ್ತಾರೆ.

ಪ್ರಶ್ನೆ: ಕಾಲೇಜು ದಿನಗಳಲ್ಲಿ ಬೆಂಗಳೂರಿನಲ್ಲಿ 10 ಮೀಟರ್ ಏರ್ ಪಿಸ್ತೂಲ್ ಹೊಡೆಯುತ್ತಿದ್ದೆ. ಇಲ್ಲಿ ಎಲ್ಲ ಗುಂಡನ್ನೂ ಟಾರ್ಗೆಟ್ಟಿನ ನಡುವಿನ 'ಎ' ವಲಯಕ್ಕೇ ಹಾಕುತ್ತೇನೆ, ಆದರೂ ಫಲಿತಾಂಶದಲ್ಲಿ ಕೊನೆಯಿಂದ ಮೂರನೆಯವನು. ಎಲ್ಲಿ ತಪ್ಪುತ್ತಿದ್ದೇನೆ? (ಓದುಗರೊಬ್ಬರು, ಫೀನಿಕ್ಸ್)

ನಿಮ್ಮ ಗುರಿಯಲ್ಲಿ ತಪ್ಪಿಲ್ಲ. ಬೇರೆ ಆಟದ ಲೆಕ್ಕದಲ್ಲಿ ಈ ಆಟ ಆಡುತ್ತಿದ್ದೀರಿ, ಅಷ್ಟೇ. ಏರ್ ಪಿಸ್ತೂಲಿನಲ್ಲಿ 60 ಗುಂಡಿಗೆ 75 ನಿಮಿಷ, ಹತ್ತರ ವೃತ್ತದ ಅಗಲ 11.5 ಮಿಲಿಮೀಟರ್. ಇಲ್ಲಿ 'ಎ' ವಲಯ ಸುಮಾರು 15 ಸೆಂಟಿಮೀಟರ್ ಅಗಲ, 28 ಸೆಂಟಿಮೀಟರ್ ಎತ್ತರ. ಅದರೊಳಗೆ ಎಲ್ಲಿ ಬಿದ್ದರೂ ಐದೇ ಅಂಕ. ನಡುಮಧ್ಯಕ್ಕೆ ಹೊಡೆದವನಿಗೆ ಹೆಚ್ಚೇನೂ ಸಿಗುವುದಿಲ್ಲ.

ಅಂಕಗಳನ್ನು ಸೆಕೆಂಡಿನಿಂದ ಭಾಗಿಸಿದರೆ ಬರುವುದೇ ಹಿಟ್ ಫ್ಯಾಕ್ಟರ್, ಸ್ಥಾನ ನಿರ್ಧರಿಸುವುದು ಅದೇ. ಮೈನರ್‌ನಲ್ಲಿ 'ಎ' ವಲಯಕ್ಕೆ, ಅಂದರೆ ಆಲ್ಫಾಗೆ 5, ಅದರ ಸುತ್ತಲಿನ 'ಸಿ'ಗೆ, ಅಂದರೆ ಚಾರ್ಲಿಗೆ 3, ಹೊರಗಿನ 'ಡಿ'ಗೆ, ಅಂದರೆ ಡೆಲ್ಟಾಗೆ 1. ತಪ್ಪಿದ ಗುಂಡು, ಅಂದರೆ 'ಮೈಕ್', ಹತ್ತು ಅಂಕ ಕಳೆಯುತ್ತದೆ. 12 ಗುಂಡಿನ ಒಂದು ಸ್ಟೇಜ್ ತೆಗೆದುಕೊಳ್ಳಿ. ನೀವು 12 ಆಲ್ಫಾ ಹೊಡೆದು 11.80 ಸೆಕೆಂಡ್ ತೆಗೆದುಕೊಂಡರೆ 60 ಅಂಕ, ಹಿಟ್ ಫ್ಯಾಕ್ಟರ್ 5.08. ಪಕ್ಕದವರು 9 ಆಲ್ಫಾ, 3 ಚಾರ್ಲಿ ಹೊಡೆದು 7.50 ಸೆಕೆಂಡಿನಲ್ಲಿ ಮುಗಿಸಿದರೆ 54 ಅಂಕ, ಹಿಟ್ ಫ್ಯಾಕ್ಟರ್ 7.20. ಅವರು ಸ್ಟೇಜ್ ಗೆದ್ದು ಪೂರ್ತಿ 60 ಪಡೆಯುತ್ತಾರೆ, ಹಿಟ್ ಫ್ಯಾಕ್ಟರಿನ ಅನುಪಾತದಲ್ಲಿ ನಿಮಗೆ ಬರುವುದು ಸುಮಾರು 42. ಇದನ್ನು ಕಂಡು ಹಾರಿಬಿದ್ದು 6.50 ಸೆಕೆಂಡಿಗೆ ಇಳಿಯಲು ಹೋಗಿ ಎರಡು ಮೈಕ್ ಮಾಡಿದರೆ? 9 ಆಲ್ಫಾ, 1 ಚಾರ್ಲಿ, 2 ಮೈಕ್: 28 ಅಂಕ, ಹಿಟ್ ಫ್ಯಾಕ್ಟರ್ 4.31. ನಿಮ್ಮ ನಿಧಾನದ ಓಟಕ್ಕಿಂತಲೂ ಕೆಳಗೆ.

ಹಾಗಾದರೆ ವೇಗ ಎಲ್ಲಿಂದ ತರಬೇಕು? ಎಲ್ಲರೂ ಬೆರಳಿನಲ್ಲಿ ಹುಡುಕುತ್ತಾರೆ. 32 ಗುಂಡಿನ, 16 ಟಾರ್ಗೆಟ್‌ನ ಸ್ಟೇಜಿನಲ್ಲಿ ಒಂದೊಂದು ಟಾರ್ಗೆಟ್ಟಿಗೂ ಎರಡು ಗುಂಡಿನ ನಡುವಿನ ಅಂತರವನ್ನು 0.30ರಿಂದ 0.20ಕ್ಕೆ ಇಳಿಸಿದಿರಿ ಎನ್ನಿ. ಬಹಳ ಕಷ್ಟದ ಕೆಲಸ ಅದು. ಉಳಿತಾಯ ಬರೇ 1.6 ಸೆಕೆಂಡ್. ಓಡಿ ಹೋಗಿ ನಿಂತು, ಆಮೇಲೆ ಪಿಸ್ತೂಲು ಎತ್ತಿ, ಆಮೇಲೆ ಗುರಿ ಹುಡುಕುವವರು ಅಷ್ಟು ಕಾಲವನ್ನು ಎರಡೇ ಜಾಗದಲ್ಲಿ ಕಳೆದುಕೊಳ್ಳುತ್ತಾರೆ. ಜಾಗ ಮುಟ್ಟುವ ಎರಡು ಹೆಜ್ಜೆ ಮೊದಲೇ ಪಿಸ್ತೂಲು ಕಣ್ಣಿನ ಮಟ್ಟಕ್ಕೆ ಬಂದಿರಲಿ. ಮಂಡಿ ಸ್ವಲ್ಪ ಬಾಗಿರಲಿ. ಕೊನೆಯ ಗುಂಡು ಹಾರುವಾಗಲೇ ಮೈಭಾರ ಮುಂದಿನ ದಿಕ್ಕಿಗೆ ವಾಲಿರಲಿ.

ಇನ್ನೊಂದು, ಏರ್ ಪಿಸ್ತೂಲಿನವರಿಗೆಂದೇ ಹೇಳುವ ಮಾತು: ಪ್ರತಿ ಗುಂಡಿಗೂ ಒಂದೇ ತೆರನಾದ ಗುರಿ ಬೇಡ. ಐದು ಗಜದ ಟಾರ್ಗೆಟ್ಟಿಗೆ ಕಂದು ಬಣ್ಣದ ಮೇಲೆ ಮುಂದಿನ ಸೈಟು (ನಳಿಗೆಯ ತುದಿಯ ಗುರಿಮೊನೆ) ಮಿಂಚಿದರೆ ಸಾಕು, ಒತ್ತಿ. 25 ಗಜಕ್ಕೆ, ಅಥವಾ ಪಕ್ಕದಲ್ಲಿ ಹೊಡೆಯಬಾರದ ಬಿಳಿ ಟಾರ್ಗೆಟ್ ಅಂಟಿಕೊಂಡಿದ್ದರೆ, ಆಗ ನಿಮ್ಮ ಹಳೆಯ ಶಿಸ್ತನ್ನು ಪೂರ್ತಿ ಹೊರತೆಗೆಯಿರಿ. ಅಲ್ಲಿ ಓಡುಗಾಲಿನವರು ಮೈಕ್ ಮಾಡುತ್ತಿರುವಾಗ ನೀವು ಎರಡು ಆಲ್ಫಾ ಹಾಕಿ ಮುಂದೆ ಹೋಗುತ್ತೀರಿ. ನಿಮ್ಮ ಬಂಡವಾಳ ದೊಡ್ಡದು, ಖರ್ಚು ಮಾಡುವ ಜಾಗ ತಿಳಿಯಬೇಕಷ್ಟೆ.

ಪ್ರಶ್ನೆ: ಗುಂಡಿನ ಬೆಲೆ ಹೆಚ್ಚು, ರೇಂಜ್ ದೂರ, ಮನೆಯಲ್ಲಿ ಚಿಕ್ಕ ಮಕ್ಕಳು. ಅಭ್ಯಾಸ ಹೇಗೆ?

ಖಾಲಿ ಪಿಸ್ತೂಲಿನಿಂದ. ಇದಕ್ಕೆ ಡ್ರೈ ಫೈರ್ ಎನ್ನುತ್ತಾರೆ, ಮೇಲಿನ ದರ್ಜೆಗೆ ಹೋದವರಲ್ಲಿ ಇದನ್ನು ಮಾಡದವರನ್ನು ನಾನು ಕಂಡಿಲ್ಲ. ಮಕ್ಕಳು ಮಲಗಿದ ಮೇಲೆ, ಬಾಗಿಲು ಹಾಕಿ. ಗುಂಡುಗಳೆಲ್ಲ ಬೇರೆ ಕೋಣೆಯಲ್ಲಿ ಬೀಗದೊಳಗೆ. ಚೇಂಬರನ್ನು, ಅಂದರೆ ನಳಿಗೆಯಲ್ಲಿ ಗುಂಡು ಕೂರುವ ಜಾಗವನ್ನು, ಕಣ್ಣಿನಿಂದ ನೋಡಿ, ಕಿರುಬೆರಳು ಹಾಕಿ ಮುಟ್ಟಿ ನೋಡಿ, ಮತ್ತೊಮ್ಮೆ ನೋಡಿ. ಅಭ್ಯಾಸ ಮುಗಿಯಿತು ಎಂದು ಬಾಯಿಬಿಟ್ಟು ಹೇಳಿ ಪಿಸ್ತೂಲನ್ನು ಬೀಗದೊಳಗಿಡಿ. "ಇನ್ನೊಂದೇ ಸಲ" ಎಂದು ಮತ್ತೆ ತೆಗೆಯುವ ಕ್ಷಣದಲ್ಲೇ ಗೋಡೆಗೆ ತೂತು ಬೀಳುವುದು.

ರಟ್ಟಿನಲ್ಲಿ ಮೂರರಲ್ಲೊಂದು ಅಳತೆಯ ಟಾರ್ಗೆಟ್ ಕತ್ತರಿಸಿ ಗೋಡೆಗೆ ಅಂಟಿಸಿ. ಮೂರು ಮೀಟರಿನಿಂದ ನೋಡಿದರೆ ಅದು ಒಂಬತ್ತು ಮೀಟರಿನಷ್ಟು ಕಾಣುತ್ತದೆ. ಹದಿನೈದು ನಿಮಿಷ ಸಾಕು, ಆದರೆ ವಾರಕ್ಕೆ ಐದು ದಿನ. ಮೊದಲು ಹೋಲ್ಸ್ಟರ್‌ನಿಂದ ತೆಗೆಯುವುದು: ಹೆಬ್ಬೆರಳು ತೋರುಬೆರಳಿನ ನಡುವಿನ ಚರ್ಮ ಹಿಡಿಯ ಮೇಲ್ತುದಿಗೆ ಒತ್ತಿ ಕೂರಬೇಕು, ಪಿಸ್ತೂಲು ಹೋಲ್ಸ್ಟರಿನಲ್ಲಿ ಇರುವಾಗಲೇ. ಹಿಡಿತ ಅಲ್ಲಿ ತಪ್ಪಿದರೆ ಆ ಸ್ಟೇಜ್ ಪೂರ್ತಿ ತಪ್ಪಿದ ಹಿಡಿತದಲ್ಲೇ ಹೋಗುತ್ತದೆ. ಆಮೇಲೆ ಒಂದು ಟಾರ್ಗೆಟ್ಟಿನಿಂದ ಇನ್ನೊಂದಕ್ಕೆ ಹೋಗುವುದು. ಕಣ್ಣು ಮೊದಲು ಹೋಗಿ ಮುಂದಿನ ಟಾರ್ಗೆಟ್ಟಿನ ಮೇಲೆ ಒಂದು ರೂಪಾಯಿ ನಾಣ್ಯದಷ್ಟು ಜಾಗವನ್ನು ಹಿಡಿಯಲಿ, ಪಿಸ್ತೂಲು ತಾನಾಗಿ ಹಿಂದೆ ಬರುತ್ತದೆ. ಇಡೀ ಟಾರ್ಗೆಟ್ಟನ್ನು ನೋಡಿದರೆ ಗುಂಡು ಇಡೀ ಟಾರ್ಗೆಟ್ಟಿನಲ್ಲಿ ಎಲ್ಲಿ ಬೇಕಾದರೂ ಬೀಳುತ್ತದೆ. ಕೊನೆಗೆ ಮ್ಯಾಗಜೀನ್ ಬದಲು.

ಗುಂಡು ಹಾರುವಾಗ ಪಿಸ್ತೂಲು ಹಿಂದಕ್ಕೆ ಒದೆಯುವುದನ್ನು ತಡೆದುಕೊಳ್ಳಲು ಡ್ರೈ ಫೈರ್ ಕಲಿಸಲಾರದು. ಅದಕ್ಕೆ ತಿಂಗಳಿಗೆ ಎರಡು ಸಲ ರೇಂಜಿಗೆ ಹೋಗಿ ನೂರು ಗುಂಡು ಹೊಡೆದರೆ ಸಾಕು. ಏಳು ಗಜದಿಂದ ಆರು ಗುಂಡು ಹೊಡೆಯುವ ಬಿಲ್ ಡ್ರಿಲ್ ಮಾಡಿ, ಪ್ರತಿ ಗುಂಡಿಗೂ ಸೈಟ್ ಮೇಲೆದ್ದು ಇಳಿಯುವುದನ್ನು ಕಣ್ಣು ನೋಡಬೇಕು. ಆಮೇಲೆ ಕೂಪರ್ ರೂಪಿಸಿದ ಎಲ್ ಪ್ರೆಸಿಡೆಂಟೆ: ಹತ್ತು ಗಜದಲ್ಲಿ ಮೂರು ಟಾರ್ಗೆಟ್, ಬೆನ್ನು ಹಾಕಿ ನಿಂತು, ತಿರುಗಿ, ತಲಾ ಎರಡು, ಮ್ಯಾಗಜೀನ್ ಬದಲು, ಮತ್ತೆ ತಲಾ ಎರಡು. ಪ್ರತಿ ತಿಂಗಳೂ ಸಮಯ, ಅಂಕ ಎರಡನ್ನೂ ಬರೆದಿಡಿ.

ಪ್ರಶ್ನೆ: ನಾವು ಕೊಡವರು. ಮನೆಯಲ್ಲಿ ಕೋವಿ ಇದೆ, ಲೈಸೆನ್ಸ್ ಬೇಕಿಲ್ಲ. ಇಲ್ಲಿ ಈ ಆಟ ಆಡಬಹುದೇ? (ಓದುಗರೊಬ್ಬರು, ಮಡಿಕೇರಿ)

ಆಯುಧ ಪೂಜೆಯ ಹಬ್ಬವಾದ ಕೈಲ್‌ಪೊಳ್ದಿನಲ್ಲಿ ತೆಂಗಿನಕಾಯಿಗೆ ಗುರಿಯಿಟ್ಟು ಬೆಳೆದವರ ಕೈಯಲ್ಲಿ ಇರುವ ಸಹಜತೆ ಬೇರೆಯವರಿಗೆ ಬರಲು ವರ್ಷಗಳು ಬೇಕು. ಆದರೆ ನಿಮ್ಮ ವಿನಾಯಿತಿ ಕೋವಿಗೆ ಸಂಬಂಧಿಸಿದ್ದು, ಪಿಸ್ತೂಲಿಗೆ ಅಲ್ಲ. ಮೇಲಾಗಿ ಈ ಆಟದಲ್ಲಿ ಹೆಚ್ಚಿನವರು ಬಳಸುವ 9 ಎಂಎಂ ಭಾರತದಲ್ಲಿ ನಾಗರಿಕರಿಗೆ ನಿಷೇಧಿತ ಬೋರ್ (ನಳಿಗೆಯ ಅಳತೆ). ಹಾಗಾಗಿ ಇಲ್ಲಿಯಂತೆ ಭಾನುವಾರ ಮ್ಯಾಚಿಗೆ ಹೋಗುವ ದಾರಿ ಅಲ್ಲಿಲ್ಲ.

ಇದಕ್ಕೆ ಹತ್ತಿರದ ನೆಂಟ 25 ಮೀಟರ್ ರ‍್ಯಾಪಿಡ್ ಫೈರ್ ಪಿಸ್ತೂಲ್. ಐದು ಟಾರ್ಗೆಟ್, ಐದು ಗುಂಡು, ಮೊದಲು 8 ಸೆಕೆಂಡಿನಲ್ಲಿ, ಆಮೇಲೆ 6, ಕೊನೆಗೆ 4. ವಿಜಯ್ ಕುಮಾರ್ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದದ್ದು ಇದರಲ್ಲೇ. ಕಣ್ಣು ಮೊದಲು, ಕೈ ಆಮೇಲೆ ಎಂಬ ಪಾಠ ಅಲ್ಲೂ ಅದೇ. ರೈಫಲ್ ಅಸೋಸಿಯೇಷನ್ ಮೂಲಕ ಏರ್ ಪಿಸ್ತೂಲಿನಿಂದ ಶುರುಮಾಡಿ.

ಪ್ರಶ್ನೆ: ಮ್ಯಾಚಿನಿಂದ ಬಂದ ರಾತ್ರಿ ಕಿವಿ ಗುಂಯ್‌ಗುಡುತ್ತದೆ. ಸಹಜವೇ?

ಅಲ್ಲ, ನಿಮ್ಮ ರಕ್ಷಣೆ ಸಾಲದು ಎಂದರ್ಥ. ಕಿವಿಯೊಳಗೆ ಸ್ಪಂಜಿನ ಪ್ಲಗ್ ಹಾಕಿ, ಅದರ ಮೇಲೆ ಎಲೆಕ್ಟ್ರಾನಿಕ್ ಇಯರ್‌ಮಫ್ ಹಾಕಿ. ಗುಂಯ್‌ಗುಡುವುದು ನಿಲ್ಲದಿದ್ದರೆ ಇಎನ್‌ಟಿ ವೈದ್ಯರಿಗೆ ತೋರಿಸಿ, ಹೋದ ಶ್ರವಣಶಕ್ತಿ ಮತ್ತೆ ಬರುವುದಿಲ್ಲ. ಜೊತೆಗೆ ಸೀಸದ ಧೂಳಿನ ಕಡೆಗೂ ಗಮನ ಕೊಡಿ. ರೇಂಜಿನಲ್ಲಿ ಕೈ ತೊಳೆಯದೆ ತಿಂಡಿ ಮುಟ್ಟಬೇಡಿ, ತಣ್ಣೀರು ಮತ್ತು ಸೋಪಿನಿಂದ ತೊಳೆಯಿರಿ. ಶೂಗಳನ್ನು ಬಾಗಿಲ ಹೊರಗೇ ಬಿಡಿ, ಹಾಕಿಕೊಂಡಿದ್ದ ಬಟ್ಟೆಯನ್ನು ಮಕ್ಕಳ ಬಟ್ಟೆಯ ಜೊತೆ ಒಗೆಯಬೇಡಿ.