ಬಿರುಕಿನ ಪಕ್ಕ ತಾರೀಕು ಬರೆಯಿರಿ

ಪ್ರಶ್ನೆ: ನಮ್ಮದು ನಾಲ್ಕು ಅಂತಸ್ತಿನ ಹಳೆಯ ಕಟ್ಟಡ. ಮೆಟ್ಟಿಲ ಪಕ್ಕದ ಗೋಡೆಯಲ್ಲಿ ಓರೆಯಾಗಿ ಬಿರುಕು ಬಿಟ್ಟಿದೆ. ದೊಡ್ಡ ಸೇತುವೆಗಳಿಗೆ ಸೆನ್ಸರ್ ಹಾಕುತ್ತಾರಲ್ಲ, ನಮಗೂ ಹಾಗೇನಾದರೂ ಬೇಕಾ? ಇಲ್ಲ, ಸಿಮೆಂಟ್ ಮೆತ್ತಿ ಬಣ್ಣ ಹೊಡೆಸಿದರೆ ಸಾಕಾ?

ಉತ್ತರ: ದಯವಿಟ್ಟು ಈಗಲೇ ಮೆತ್ತಿಸಬೇಡಿ. ಮೆತ್ತಿಬಿಟ್ಟರೆ ಬಿರುಕು ಬೆಳೀತಿದೆಯೋ ಇಲ್ಲವೋ ಅನ್ನೋದು ಯಾರಿಗೂ ಗೊತ್ತಾಗುವುದಿಲ್ಲ. ನಿಮಗೆ ಈಗ ಬೇಕಾಗಿರುವುದು ಅದೊಂದೇ ವಿಷಯ.

ಬಿರುಕಿನ ಎರಡೂ ತುದಿಗೆ ಪೆನ್ಸಿಲ್‌ನಲ್ಲಿ ಅಡ್ಡಗೆರೆ ಎಳೆದು ತಾರೀಕು ಬರೆಯಿರಿ. ಬಿರುಕಿನ ಆಚೆ ಒಂದು, ಈಚೆ ಒಂದು ಸಣ್ಣ ಸ್ಕ್ರೂ ಕೂರಿಸಿ, ಅವೆರಡರ ನಡುವಿನ ಅಂತರವನ್ನು ವರ್ನಿಯರ್ ಕ್ಯಾಲಿಪರ್‌ನಲ್ಲಿ (ಮಿ.ಮೀ.ಗಿಂತ ಸಣ್ಣ ವ್ಯತ್ಯಾಸವನ್ನೂ ತೋರಿಸುವ ಅಳತೆ ಸಾಧನ) ಅಳೆಯಿರಿ. ತಿಂಗಳಿಗೊಮ್ಮೆ ಸಾಕು. ಆದರೆ ಪ್ರತಿ ಸಲವೂ ದಿನದ ಅದೇ ಹೊತ್ತಿಗೆ ಅಳೆಯಬೇಕು, ಅವತ್ತಿನ ಉಷ್ಣಾಂಶವನ್ನೂ ಬರೆದಿಡಬೇಕು.

ಇದನ್ನು ನಾನು ಕಲಿತದ್ದು ಕೆಲಸಕ್ಕೆ ಸೇರಿದ ಹೊಸದರಲ್ಲಿ. ಚಳಿಗಾಲದ ಒಂದು ಬೆಳಿಗ್ಗೆ ಸೇತುವೆಯ ಅಡಿ ಗೋಡೆಯಲ್ಲಿದ್ದ ಬಿರುಕನ್ನು ಅಳೆದೆ: 0.4 ಮಿ.ಮೀ. ಬೇಸಿಗೆಯ ಮಧ್ಯಾಹ್ನ ಮತ್ತೆ ಹೋದರೆ 0.25. ಬಿರುಕು ಮುಚ್ಚಿಕೊಳ್ಳುತ್ತಿದೆ ಅಂತ ವರದಿ ಬರೆದುಕೊಟ್ಟೆ. ನಮ್ಮ ಹಿರಿಯ ಎಂಜಿನಿಯರ್ ಓದಿ, “ಎಷ್ಟು ಗಂಟೆಗೆ ಅಳೆದಿರಿ?” ಅಂತ ಒಂದೇ ಮಾತು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಹತ್ತು ಮೀಟರ್ ಉದ್ದದ ಕಾಂಕ್ರೀಟ್ ಹತ್ತು ಡಿಗ್ರಿ ಬಿಸಿಯಾದರೆ ಸುಮಾರು 1 ಮಿ.ಮೀ. ಹಿಗ್ಗುತ್ತದೆ. ನಾನು ಅಳೆದದ್ದು ಬಿಸಿಲನ್ನು! ಅವತ್ತಿನಿಂದ ನನ್ನ ನೋಟ್‌ಬುಕ್ಕಿನ ಮೊದಲ ಕಾಲಂ ಗಂಟೆ, ಎರಡನೆಯದು ಉಷ್ಣಾಂಶ.

ಸೇತುವೆಯ ಸೆನ್ಸರ್‌ಗಳಿಗೂ ಇದೇ ತೊಡಕು. ಪ್ರತಿ ಸೇತುವೆಗೂ ತನ್ನದೇ ಆದ ಕಂಪನದ ವೇಗ, ಅಂದರೆ ಸೆಕೆಂಡಿಗೆ ಎಷ್ಟು ಸಲ ಅಲುಗುತ್ತದೆ ಅನ್ನುವ ಲೆಕ್ಕ, ಇರುತ್ತದೆ. ಎಲ್ಲೋ ಬಲ ಕುಂದಿದರೆ ಆ ವೇಗ ಇಳಿಯುತ್ತದೆ, ಅದನ್ನು ಹಿಡಿಯುವುದೇ ಸೆನ್ಸರ್ ಕೆಲಸ. ಸ್ವಿಟ್ಜರ್ಲೆಂಡಿನ ಜ಼ಡ್24 ಅನ್ನುವ ಸೇತುವೆಯನ್ನು 1998ರಲ್ಲಿ ಕೆಡವುವ ಮೊದಲು ಹೆಚ್ಚುಕಮ್ಮಿ ಒಂದು ವರ್ಷ ಹೀಗೆ ಗಮನಿಸಿದರು. ಚಳಿಗೆ ಮೇಲಿನ ಡಾಂಬರು ಹೆಪ್ಪುಗಟ್ಟಿ ಗಡುಸಾದಾಗ ಕಂಪನದ ವೇಗ ಸಾಕಷ್ಟು ಏರಿತು. ಆಮೇಲೆ ಬೇಕಂತಲೇ ಒಂದೊಂದಾಗಿ ಪೆಟ್ಟು ಕೊಟ್ಟು ನೋಡಿದರು. ಹವೆಯಿಂದ ಆದ ಏರಿಳಿತವನ್ನು ಕಳೆಯದೆ ಪೆಟ್ಟಿನ ಗುರುತು ಹಿಡಿಯೋದು ಕಷ್ಟ ಅಂತ ಅಲ್ಲಿ ಚೆನ್ನಾಗಿ ಗೊತ್ತಾಯಿತು. ಹಾಗಾಗಿ ನಿಮಗೆ ಸದ್ಯ ಸೆನ್ಸರ್ ಬೇಡ. ಒಂದು ಪೂರ್ತಿ ವರ್ಷದ ಲೆಕ್ಕ ಬೇಕು.

ಆದರೆ ಒಂದು ಎಚ್ಚರ. ಓರೆ ಬಿರುಕು ಕಂಬಕ್ಕೋ ತೊಲೆಗೋ ಹಬ್ಬಿದ್ದರೆ, ತುಕ್ಕಿನ ಕಲೆ ಇಳಿದಿದ್ದರೆ, ಕಾಂಕ್ರೀಟ್ ಉದುರಿ ಸರಳು ಕಾಣುತ್ತಿದ್ದರೆ ವರ್ಷ ಕಾಯಬೇಡಿ, ಈ ವಾರವೇ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ. ಬಿರುಕು ಗಂಟೆಗಂಟೆಗೂ ಅಗಲವಾಗುತ್ತಿದ್ದರೆ ಅಳೆಯುತ್ತಾ ನಿಲ್ಲಬೇಡಿ, ಎಲ್ಲರನ್ನೂ ಹೊರಗೆ ಕಳಿಸಿ. 1995ರ ಜೂನ್ 29ರಂದು ದಕ್ಷಿಣ ಕೊರಿಯಾದ ಸೋಲ್ ನಗರದ ಸಾಂಪುಂಗ್ ಅನ್ನುವ ದೊಡ್ಡ ಬಹುಮಹಡಿ ಮಳಿಗೆಯಲ್ಲಿ ಬೆಳಿಗ್ಗೆಯೇ ಮೇಲಿನ ಮಹಡಿಯ ಬಿರುಕುಗಳು ಕಂಡಿದ್ದವು. ಆದರೂ ವ್ಯಾಪಾರ ನಿಲ್ಲಿಸಲಿಲ್ಲ. ಸಂಜೆ ಕಟ್ಟಡ ಕುಸಿದು 502 ಜನ ಸತ್ತರು. ಈ ಸಂಖ್ಯೆ ಬರೆಯುವಾಗ ಇವತ್ತಿಗೂ ನನ್ನ ಕೈ ತಡೆಯುತ್ತದೆ.

ಪ್ರಶ್ನೆ: ಸೇತುವೆ ಮೇಲೆ ನಿಂತಾಗ ಲಾರಿ ಹೋದರೆ ಕಾಲಡಿ ಅಲುಗುತ್ತದೆ. ಅಪಾಯವಾ?

ಉತ್ತರ: ಅಷ್ಟಕ್ಕೇ ಹೆದರಬೇಡಿ. ಭಾರ ಬಿದ್ದಾಗ ಸ್ವಲ್ಪ ಬಾಗಿ, ಅಲುಗಿ, ಮತ್ತೆ ಮೊದಲಿನಂತಾಗುವ ಹಾಗೆಯೇ ಅದನ್ನು ಕಟ್ಟಿರುತ್ತಾರೆ. ಮೊದಲು ಇಲ್ಲದ ಅಲುಗಾಟ ಈಗ ಶುರುವಾಗಿದ್ದರೆ, ಜಾಯಿಂಟ್ ಹತ್ತಿರ ಒಂದು ಬದಿ ತಗ್ಗಿದ್ದರೆ, ಲಾರಿ ದಾಟುವಾಗ ಧಡ್ ಅಂತ ಹೊಸ ಸದ್ದು ಬರುತ್ತಿದ್ದರೆ, ಜಾಗ ಮತ್ತು ಹೊತ್ತು ಬರೆದು ಸೇತುವೆ ನೋಡಿಕೊಳ್ಳುವ ಇಲಾಖೆಗೆ ಫೋಟೊ ಸಮೇತ ಕಳಿಸಿ.