ತಿಂಡಿ ತಿಂದರೂ ಹನ್ನೊಂದು ಗಂಟೆಗೇ ಸುಸ್ತು, ಏನು ತಿನ್ನಬೇಕು?

ಎಂಟು ಗಂಟೆಗೆ ಹೊಟ್ಟೆ ತುಂಬ ತಿಂಡಿ ತಿಂದರೂ ಹನ್ನೊಂದಕ್ಕೆಲ್ಲ ಕಣ್ಣು ಎಳೆಯುತ್ತದೆ, ಯಾವ ಪುಡಿ ಕುಡಿದರೆ ಸರಿಹೋಗುತ್ತದೆ ಅಂತ ಕೇಳಿದ್ದೀರಿ. ಪುಡಿ ಬೇಡ. ಮೊದಲು ಒಂದು ರಕ್ತ ಪರೀಕ್ಷೆ ಮಾಡಿಸಿ. ಅದನ್ನು ಮಾಡಿಸದೆ ಎರಡು ವರ್ಷ ಒದ್ದಾಡಿದವಳು ನಾನು.

ನಮ್ಮದು ಹಾಸನದ ಕಡೆ, ಕೆಲಸ ಬೆಂಗಳೂರಲ್ಲಿ, ದಿನವಿಡೀ ಕೂತು ಲೆಕ್ಕ ಬರೆಯುವುದು. ಬೆಳಗ್ಗೆ ಚಿತ್ರಾನ್ನವೋ ಉಪ್ಪಿಟ್ಟೋ, ತಟ್ಟೆ ಎತ್ತಿಡುವ ಮೊದಲೇ ಒಂದು ಲೋಟ ಗಟ್ಟಿ ಕಾಫಿ, ಹನ್ನೊಂದಕ್ಕೆ ಸುಸ್ತಾಯಿತು ಅಂತ ಇನ್ನೊಂದು ಕಾಫಿ, ಜೊತೆಗೆ ಬಿಸ್ಕತ್ತು. ಎರಡು ಮಹಡಿ ಹತ್ತಿದರೆ ಏದುಸಿರು. ವಯಸ್ಸಾಯಿತೇನೋ ಅಂದುಕೊಂಡಿದ್ದೆ, ಆಗ ನನಗೆ 34! ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 9.4. ಹೆಂಗಸರಿಗೆ 12ಕ್ಕಿಂತ, ಗಂಡಸರಿಗೆ 13ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಅಂತ ಲೆಕ್ಕ. ಡಾಕ್ಟರು ಕಬ್ಬಿಣದ ಮಾತ್ರೆ ಬರೆಯುತ್ತಾ ಕೇಳಿದ್ದು ಒಂದೇ, "ತಿಂಡಿ ಆದ ಎಷ್ಟು ಹೊತ್ತಿಗೆ ಕಾಫಿ ಕುಡೀತೀರಮ್ಮ?"

ಹಿಮೋಗ್ಲೋಬಿನ್ ಆಗಲು ಕಬ್ಬಿಣ ಬೇಕು, ಸೊಪ್ಪು ಕಾಳುಗಳಲ್ಲಿರುವ ಕಬ್ಬಿಣದ ಅಂಶ ಮೈಗೆ ಸೇರುವುದೇ ಸ್ವಲ್ಪ. ಅದರ ಮೇಲೆ ಕಾಫಿ ಟೀ ಬಿದ್ದರೆ ಆ ಸ್ವಲ್ಪವೂ ಕಮ್ಮಿಯಾಗುತ್ತದೆ. ನಿಂಬೆಹುಳಿ, ಸೀಬೆಹಣ್ಣು, ನೆಲ್ಲಿಕಾಯಿ ಜೊತೆಗಿದ್ದರೆ ಜಾಸ್ತಿ ಸೇರುತ್ತದೆ. ನಾನು ಕಾಫಿ ಬಿಡಲಿಲ್ಲ, ಬಿಡೋಕೂ ಆಗಲ್ಲ, ತಿಂಡಿಯಾಗಿ ಒಂದೂವರೆ ಗಂಟೆ ಬಿಟ್ಟು ಕುಡಿಯುತ್ತೇನೆ ಅಷ್ಟೆ.

ಇನ್ನು ತಿಂಡಿ. ಬರೀ ಅಕ್ಕಿ, ಬರೀ ರವೆ ತಿಂದರೆ ಬೇಗ ಜೀರ್ಣವಾಗಿ ಮತ್ತೆ ಹಸಿವು, ಜೊತೆಗೆ ಕಾಳು ಬೇಕು. ನಾನು ಮಾಡುವುದು ಹುರಳಿಕಾಳು. ರಾತ್ರಿ ನೆನೆಹಾಕಿ, ಬೆಳಗ್ಗೆ ನೀರು ಬಸಿದು, ಹಳೇ ಪಂಚೆ ಬಟ್ಟೆಯಲ್ಲಿ ಗಂಟು ಕಟ್ಟಿ ಸಿಂಕಿನ ನಲ್ಲಿಗೆ ನೇತುಹಾಕುತ್ತೇನೆ. ಮಾರನೇ ದಿನಕ್ಕೆ ಬಟ್ಟೆಯ ನೇಯ್ಗೆಯಿಂದಲೇ ಮೊಳಕೆ ಇಣುಕುತ್ತಿರುತ್ತದೆ, ಬಿಡಿಸುವಾಗ ಒಂದಷ್ಟು ತುದಿ ಮುರಿಯುತ್ತದೆ, ಪರವಾಗಿಲ್ಲ. ನೆನೆದರೂ ಉಬ್ಬದ ಗಟ್ಟಿ ಕಾಳುಗಳನ್ನು ಮಾತ್ರ ಆರಿಸಿ ತೆಗೆಯಿರಿ, ಹಲ್ಲಿಗೆ ಸಿಕ್ಕರೆ ಕಲ್ಲೇ! ಅರ್ಧ ಉಸ್ಲಿಗೆ, ಇನ್ನರ್ಧ ಸೊಪ್ಪಿನ ಜೊತೆ ಬೇಯಿಸಿ ಬಸ್ಸಾರಿಗೆ. ಬಸಿದ ಕಟ್ಟು ಸಾರಾಗುತ್ತದೆ, ಉಳಿದದ್ದು ಪಲ್ಯ, ಮೇಲೊಂದು ಹೋಳು ನಿಂಬೆ. ಇಷ್ಟಿದ್ದರೆ ದುಡ್ಡು ಕೊಟ್ಟು ಪುಡಿ ಡಬ್ಬಿ ತರುವುದು ಬೇಡ ಅಂತ ನನ್ನ ಲೆಕ್ಕ. ಒಣ ಹುರಳಿಯಲ್ಲಿ 100 ಗ್ರಾಂಗೆ ಸುಮಾರು 22 ಗ್ರಾಂ ಪ್ರೋಟೀನ್ ಇದೆ.

ರಾಗಿ ಬಗ್ಗೆ ಎಲ್ಲರೂ ಹೇಳಿರುತ್ತಾರೆ. ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟ ಅಂತಾರಲ್ಲ, ನಿಜ ಹೇಳಬೇಕೆಂದರೆ ಅವನು ದಿನಪೂರ್ತಿ ಹೊಲದಲ್ಲಿ ದುಡಿಯುತ್ತಿದ್ದವನು. ಕುರ್ಚಿಯಲ್ಲಿ ಕೂರುವ ನಾವು ಎರಡು ದಪ್ಪ ಮುದ್ದೆ ನುಂಗಿದರೆ ಮಧ್ಯಾಹ್ನ ನಿದ್ದೆಯೇ ಗತಿ, ರಾಗಿಯಿಂದಲೂ ಸಕ್ಕರೆ ಏರುತ್ತದೆ. ಕ್ಯಾಲ್ಸಿಯಂ ಮಾತ್ರ ಭರ್ಜರಿ, 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ. ನನಗೆ ಒಗ್ಗಿದ್ದು ಅಂಬಲಿ: ಸಂಜೆಯೇ ಹಿಟ್ಟು ಕದಡಿ ಗಂಜಿ ಕಾಯಿಸಿ ಇಟ್ಟರೆ ಬೆಳಗ್ಗೆಗೆ ಕೊಂಚ ಹುಳಿ ಬಂದಿರುತ್ತದೆ. ಮಜ್ಜಿಗೆ, ಉಪ್ಪು, ಹೆಚ್ಚಿದ ಈರುಳ್ಳಿ ಹಾಕಿ ಕುಡಿಯುವುದು.

ಮೂರು ತಿಂಗಳಾದ ಮೇಲೆ ಹಿಮೋಗ್ಲೋಬಿನ್ 11.8 ಬಂತು. ಮಾತ್ರೆಯದ್ದೇ ದೊಡ್ಡ ಪಾಲು, ಹುರಳಿ ಒಂದರಿಂದಲೇ ಆಯಿತು ಅಂತ ನಾನು ಹೇಳಲ್ಲ.

ಪರೀಕ್ಷೆಗೆ ಹೋದಾಗ ಥೈರಾಯ್ಡ್, ಸಕ್ಕರೆ, ಬಿ12 ಕೂಡ ಸೇರಿಸಲೇ ಅಂತ ಡಾಕ್ಟರನ್ನು ಕೇಳಿ. ನೀವು ಸಸ್ಯಾಹಾರಿಯಾಗಿದ್ದು ಹಾಲು ಮೊಸರೂ ಕಮ್ಮಿ ಅಂದರೆ ಬಿ12 ಅಂತೂ ಖಂಡಿತ ನೋಡಿಸಿ, ಅದು ಸೊಪ್ಪು ಕಾಳಿನಲ್ಲಿ ಸಿಗುವುದಿಲ್ಲ. ಕಬ್ಬಿಣದ ಮಾತ್ರೆ ಕೊಟ್ಟರೆ ಹಾಲಿನ ಜೊತೆ ನುಂಗಬೇಡಿ, ಅದೂ ಕಾಫಿ ಇದ್ದ ಹಾಗೇ ಅಡ್ಡಿ. ನಾನು ಮೊದಲ ವಾರ ಹಾಗೇ ಮಾಡಿದ್ದೆ.