ಚರ್ಚಿನ ಬಾಗಿಲಿಗೆ ಅಂಟಿಸಿರೋ ನೋಟಿಸು ನಿಮಗೂ ಸೇರಿದ್ದೇ

ಪ್ರಶ್ನೆ: ಸರ್ ನಮಸ್ತೆ. ನಾವು ಹಾಸನದ ಕಡೆಯವರು, ಇಂಗ್ಲೆಂಡಿಗೆ ಬಂದು ಮೂರು ವರ್ಷ ಆಯ್ತು, ರೆಡಿಂಗ್ ಹತ್ರ ಒಂದು ಹಳ್ಳಿಲಿ ಮನೆ. ಮಗಳನ್ನ ಸ್ಕೂಲಿಗೆ ಬಿಡೋ ದಾರಿಲಿ ಹಳೇ ಚರ್ಚ್ ಇದೆ, ಅದರ ಬಾಗಿಲಿಗೆ "ಮೀಟಿಂಗ್ ಆಫ್ ಪ್ಯಾರಿಷನರ್ಸ್" ಅಂತ ನೋಟಿಸ್ ಅಂಟಿಸಿದಾರೆ, ಊರಿನ ವೋಟರ್ ಲಿಸ್ಟಲ್ಲಿ ಇರೋರೆಲ್ಲ ಬರಬಹುದು ಅಂತಿದೆ. ನಾವು ಹಿಂದೂಗಳು, ಇಂಡಿಯನ್ ಪಾಸ್‌ಪೋರ್ಟು. ನಮ್ಮನೆಯವರು "ಅದೆಲ್ಲ ನಮಗಲ್ಲ ಕಣೇ, ಸುಮ್ನಿರು" ಅಂತಾರೆ. ಹೋದ್ರೆ ತಪ್ಪಾಗತ್ತಾ?

ಉತ್ತರ: ಧಾರಾಳವಾಗಿ ಹೋಗಿ, ಹೋಗೋವಾಗ ನಿಮ್ಮನೆಯವರನ್ನೂ ಎಳ್ಕೊಂಡು ಹೋಗಿ. ಆ ಮೀಟಿಂಗ್ ಇರೋದು ಚರ್ಚ್ ನೋಡ್ಕೊಳೋ ಚರ್ಚ್‌ವಾರ್ಡನ್‌ಗಳನ್ನ ಆರಿಸೋಕೆ, ಒಂದು ಪ್ಯಾರಿಷ್‌ಗೆ, ಅಂದ್ರೆ ಒಂದು ಚರ್ಚಿನ ವ್ಯಾಪ್ತಿಯ ಊರಿಗೆ, ಸಾಮಾನ್ಯವಾಗಿ ಇಬ್ಬರು. ಅಲ್ಲಿ ವೋಟ್ ಹಾಕೋಕೆ ಕ್ರಿಶ್ಚಿಯನ್ ಆಗಿರಬೇಕು ಅಂತ ಏನೂ ಇಲ್ಲ, ಆ ಪ್ಯಾರಿಷ್ ಗಡಿಯೊಳಗೆ ಮನೆ ಇದ್ದು ಅದೇ ವಿಳಾಸದ ಮೇಲೆ ಲೋಕಲ್ ಎಲೆಕ್ಷನ್ ಲಿಸ್ಟಲ್ಲಿ ಹೆಸರಿದ್ರೆ ಸಾಕು. ಇಂಡಿಯಾ ಕಾಮನ್‌ವೆಲ್ತ್ ದೇಶ ಆಗಿರೋದ್ರಿಂದ ವೀಸಾ ಮೇಲೆ ಇರೋ ನಾವೂ ಇಲ್ಲಿ ವೋಟರ್ ಆಗಬಹುದು, ಅದು ತುಂಬಾ ಜನಕ್ಕೆ ಗೊತ್ತೇ ಇರಲ್ಲ, ಮೊದಲು ಆ ಕೆಲಸ ಮಾಡ್ಕೊಳಿ. 2001ರ ಚರ್ಚ್‌ವಾರ್ಡನ್ಸ್ ಮೆಷರ್ ಅನ್ನೋ ಕಾನೂನಲ್ಲೇ ಇದೆ ಇದು, ಯಾರೋ ಮರ್ಯಾದೆಗೆ ಕರೀತಿರೋದಲ್ಲ. ಇನ್ನೂ ಮಜಾ ಏನಂದ್ರೆ, ವಾರ್ಡನ್ ಹೆಸರನ್ನ ಸೂಚಿಸೋಕೆ ಮತ್ತೆ ಅನುಮೋದಿಸೋಕೆ ಕೂಡ ಆ ಮೀಟಿಂಗಿಗೆ ಬರೋ ಹಕ್ಕಿರೋರು ಯಾರಾದ್ರೂ ಆಗತ್ತೆ, ಅಂದ್ರೆ ನೀವೂ ಸಹಿ ಹಾಕಬಹುದು. ನಿಲ್ಲೋಕೆ ಮಾತ್ರ ಆಗಲ್ಲ, ವಾರ್ಡನ್ ಆಗೋರು ದೀಕ್ಷಾಸ್ನಾನ ಆಗಿರಬೇಕು, ಸಂಸ್ಕಾರ (ಚರ್ಚಲ್ಲಿ ಕೊಡೋ ರೊಟ್ಟಿ, ದ್ರಾಕ್ಷಾರಸ) ತಗೊಳೋರಾಗಿರಬೇಕು, 21 ತುಂಬಿರಬೇಕು.

ಇದು ಯಾಕೆ ಹೀಗೆ ಅಂದ್ರೆ, ಹಿಂದೆ ಇಲ್ಲಿ ಪ್ಯಾರಿಷ್ ಅಂದ್ರೇನೇ ಊರು. ಚರ್ಚಿನ ಪಕ್ಕದ ಕೋಣೆ ವೆಸ್ಟ್ರಿಲಿ ಕೂತು ಊರಿನ ರಸ್ತೆ ರಿಪೇರಿ, ಬಡವರಿಗೆ ಸಹಾಯ, ಅದಕ್ಕೆ ತೆರಿಗೆ, ಎಲ್ಲ ತೀರ್ಮಾನ ಮಾಡ್ತಿದ್ರು. 1894ರಲ್ಲಿ ಕಾನೂನು ಬಂದು ಊರಿನ ಕೆಲಸ ಬೇರೆ, ದೇವರ ಕೆಲಸ ಬೇರೆ ಅಂತ ಭಾಗ ಮಾಡಿದ್ರು. ಊರಿನ ಪಾಲಿಗೆ ಬಂದಿದ್ದು ಪ್ಯಾರಿಷ್ ಕೌನ್ಸಿಲ್, ಅದು ನಮ್ಮ ಗ್ರಾಮ ಪಂಚಾಯ್ತಿ ಥರ. ಚರ್ಚಿನ ಪಾಲಿಗೆ ಆಮೇಲೆ ಬಂದಿದ್ದು ಪಿಸಿಸಿ, ಪರೋಕಿಯಲ್ ಚರ್ಚ್ ಕೌನ್ಸಿಲ್, ಅದು ದೇವಸ್ಥಾನದ ಕಮಿಟಿ ಇದ್ದಂಗೆ. ಎರಡನ್ನೂ ಕಲಸಿಕೊಂಡು ನಾನೇ ಒಂದ್ಸಲ ಚರಂಡಿ ಕಂಪ್ಲೇಂಟ್ ತಗೊಂಡೋಗಿ ವಿಕಾರ್ (ಇಲ್ಲಿಯ ಪಾದ್ರಿ) ಮುಂದೆ ಇಟ್ಟಿದ್ದೆ, ಪಾಪ ಆಯಮ್ಮ ನಗದೇ ಕೇಳಿಸ್ಕೊಂಡ್ರು. ಹಾಗೆ ಭಾಗ ಆದಾಗಲೂ ವಾರ್ಡನ್ ಆರಿಸೋ ಹಕ್ಕು ಮಾತ್ರ ಊರವರ ಹತ್ರಾನೇ ಉಳೀತು.

ವಾರ್ಡನ್ ಅಂದ್ರೆ ಹಾಸ್ಟೆಲ್ ವಾರ್ಡನ್ ಅಂದ್ಕೋಬೇಡಿ. ಬೀಗದಕೈ ಅವರ ಹತ್ರ, ಬೆಳ್ಳಿ ಬಟ್ಟಲು, ಶಿಲುಬೆ, ಕುರ್ಚಿ ಇಂಥ ಸರಿಸಾಡೋ ವಸ್ತುಗಳೆಲ್ಲ ಕಾನೂನು ಪ್ರಕಾರ ಅವರ ಹೆಸರಲ್ಲಿ, ಪಟ್ಟಿ ಇಟ್ಕೊಂಡು ವರ್ಷವರ್ಷ ಲೆಕ್ಕ ಒಪ್ಪಿಸ್ಬೇಕು. ವಿಕಾರ್ ಬಿಟ್ಟು ಹೋದ್ರೆ ಇನ್ನೊಬ್ಬರು ಬರೋ ತನಕ, ಕೆಲವು ಕಡೆ ವರ್ಷಾನೇ ಆಗತ್ತೆ, ಆರಾಧನೆಗೆ ಯಾರನ್ನ ಕರೆಸೋದು ಅಂತ ಓಡಾಡೋರೂ ಅವರೇ. ಆರಿಸಿದ ತಕ್ಷಣ ಅಧಿಕಾರ ಬರಲ್ಲ, ಆರ್ಚ್‌ಡೀಕನ್ (ಬಿಷಪ್ಪರ ಕೈಕೆಳಗಿನ ಹಿರಿಯ ಪಾದ್ರಿ) ಮುಂದೆ ಹೋಗಿ ಪ್ರಮಾಣ ತಗೊಂಡ ಮೇಲೇ ಬರೋದು. ಅಷ್ಟೆಲ್ಲ ಇದ್ರೂ ಸಂಬಳ ಒಂದು ಪೆನ್ನಿ ಇಲ್ಲ, ಅದಕ್ಕೇ ಎಷ್ಟೋ ಕಡೆ ಇಬ್ಬರು ಸಿಗೋದೇ ಕಷ್ಟ, ಇಬ್ಬರೇ ನಿಂತ್ರೆ ವೋಟಿಂಗೇ ಇಲ್ಲ. ನಾನು ಮೊದಲನೇ ಸಲ ಹೋದಾಗ ಹನ್ನೊಂದು ಜನ ಇದ್ವಿ, ಕೋಟು ಬಿಚ್ಚಿರಲಿಲ್ಲ ಯಾರೂ, ಅಷ್ಟು ಚಳಿ, ಎಲೆಕ್ಷನ್ನು ನಾಲ್ಕು ನಿಮಿಷ, ಟೀ ಬಿಸ್ಕತ್ತು ನಲವತ್ತು ನಿಮಿಷ.

ಮೇ 31ರ ಒಳಗೆ ಈ ಮೀಟಿಂಗ್ ಆಗಲೇಬೇಕು. ಸಾಮಾನ್ಯವಾಗಿ ಅದೇ ದಿನ, ಇದು ಮುಗಿದ ಮೇಲೆ, ಚರ್ಚಿನ ವಾರ್ಷಿಕ ಸಭೆ ಅಂತ ಇನ್ನೊಂದು ಇರತ್ತೆ, ಅದರಲ್ಲಿ ನಿಮಗೆ ವೋಟ್ ಇಲ್ಲ. ಯಾರೂ ಎದ್ದು ಹೋಗಿ ಅನ್ನಲ್ಲ, ಆದ್ರೂ ಕೂತ್ಕೊಬಹುದಾ ಅಂತ ಒಂದು ಮಾತು ಕೇಳಿ. ಮತ್ತೆ, ನಾನು ಹೇಳ್ತಿರೋದು ಇಂಗ್ಲೆಂಡ್ ಲೆಕ್ಕ. ವೇಲ್ಸಲ್ಲಿ 1920ರಲ್ಲೇ ಚರ್ಚನ್ನ ಸರ್ಕಾರದಿಂದ ಬೇರೆ ಮಾಡಿದಾರೆ, ಅಲ್ಲಿಯ ನಿಯಮಗಳು ಬೇರೆ.

ಪ್ರಶ್ನೆ: ಸರ್, ನಾನು ಧಾರವಾಡದಿಂದ ಬಂದಾಂವ, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ). ಊರಾಗ ನಮ್ಮಪ್ಪಾರು ಪಾಸ್ಟರೇಟ್ ಕಮಿಟಿಯೊಳಗ ಇದ್ರು. ಇಲ್ಲಿ ನಾನು ಪಿಸಿಸಿ ಸೇರಬಹುದೇನು? ಇನ್ನೊಂದು, ಇದು ರಾಜರ ಚರ್ಚ್ ಅಂತಾರ, ಹಂಗಿದ್ರೂ ವಾರ ವಾರ ಕಾಣಿಕಿ ಯಾಕ ಕೇಳ್ತಾರ, ಸರ್ಕಾರ ರೊಕ್ಕ ಕೊಡೂದಿಲ್ಲೇನು?

ಉತ್ತರ: ಸೇರಬಹುದು, ಆದ್ರೆ ಈ ವರ್ಷ ಬಹುಶಃ ಆಗಲ್ಲ. 1947ರ ಸೆಪ್ಟೆಂಬರ್ 27ಕ್ಕೆ ಮದ್ರಾಸಲ್ಲಿ ಆಂಗ್ಲಿಕನ್ನರು, ಮೆಥಡಿಸ್ಟರು ಇವರೆಲ್ಲ ಒಂದಾಗಿ ಸಿಎಸ್‌ಐ ಆಯ್ತಲ್ಲ, ಅದು ಇವತ್ತು ಚರ್ಚ್ ಆಫ್ ಇಂಗ್ಲೆಂಡ್, ಅಂದ್ರೆ ನಾವು ಮಾತಾಡ್ತಿರೋ ಈ ಚರ್ಚಿನ ಜೊತೆ ಪೂರ್ತಿ ಅನ್ಯೋನ್ಯತೆ ಇರೋ ಚರ್ಚ್, ಹಾಗಾಗಿ ನಿಮಗೆ ಮತ್ತೆ ದೀಕ್ಷಾಸ್ನಾನಾನೂ ಬೇಡ, ಏನೂ ಬೇಡ. ಮೊದಲು ಚರ್ಚಿನ ಎಲೆಕ್ಟೋರಲ್ ರೋಲಿಗೆ ಹೆಸರು ಕೊಡಿ, ಇದು ಊರಿನ ವೋಟರ್ ಲಿಸ್ಟ್ ಅಲ್ಲ, ಬೇರೆ. ಪ್ಯಾರಿಷ್ ಒಳಗೆ ಮನೆ ಇದ್ರೆ ಇವತ್ತೇ ಫಾರಂ ತುಂಬಬಹುದು, ಹೊರಗಿದ್ರೆ ಆರು ತಿಂಗಳು ತಪ್ಪದೆ ಬಂದಿರಬೇಕು. ರೋಲಲ್ಲಿ ಆರು ತಿಂಗಳು ಆಗಿ, ಹಿಂದಿನ ಹನ್ನೆರಡು ತಿಂಗಳಲ್ಲಿ ಕನಿಷ್ಠ ಮೂರು ಸಲ ಸಂಸ್ಕಾರ ತಗೊಂಡಿದ್ರೆ ಪಿಸಿಸಿಗೆ ನಿಲ್ಲಬಹುದು. ಪ್ರತಿ ಆರು ವರ್ಷಕ್ಕೆ ಹಳೇ ರೋಲ್ ಪೂರ್ತಿ ಎತ್ತಾಕಿ ಹೊಸದು ಬರೀತಾರೆ, 2025ರಲ್ಲಿ ಬರೆದ್ರು, ಮುಂದಿನದು 2031, ಆವಾಗ "ನನ್ನ ಹೆಸರು ಇದ್ದೇ ಇರತ್ತೆ" ಅಂತ ಸುಮ್ನೆ ಕೂರಬೇಡಿ.

ದುಡ್ಡಿನ ವಿಷ್ಯ. ರಾಜರು ಚರ್ಚಿನ ಸುಪ್ರೀಂ ಗವರ್ನರ್ ನಿಜ, ಹೌಸ್ ಆಫ್ ಲಾರ್ಡ್ಸಲ್ಲಿ 26 ಬಿಷಪ್ಪರಿಗೆ ಸೀಟೂ ಇದೆ, ಆದ್ರೆ ವಿಕಾರ್ ಸಂಬಳ ಸರ್ಕಾರದ ಖಜಾನೆಯಿಂದ ಬರಲ್ಲ. ಪ್ಯಾರಿಷ್‌ಗಳೆಲ್ಲ ಡಯಾಸಿಸ್ಸಿಗೆ, ಅಂದ್ರೆ ಒಬ್ಬ ಬಿಷಪ್ಪರ ವ್ಯಾಪ್ತಿಯ ಆಡಳಿತಕ್ಕೆ, ಪ್ಯಾರಿಷ್ ಶೇರ್ ಅಂತ ಕಟ್ತಾರೆ, ಸಂಬಳದ ದುಡ್ಡು ಮುಖ್ಯವಾಗಿ ಅಲ್ಲಿಂದ. ನಾನು ಒಂಬತ್ತು ವರ್ಷ ಟ್ರೆಷರರ್ ಆಗಿದ್ದೆ, ಭಾನುವಾರ ಆರಾಧನೆ ಮುಗಿದ ಮೇಲೆ ವೆಸ್ಟ್ರಿಲಿ ಹಸಿರು ಬಟ್ಟೆ ಹಾಸಿರೋ ಮೇಜಿನ ಮೇಲೆ ತಟ್ಟೆ ಸುರಿದು ಇಬ್ಬರು ಕೂತು ಎಣಿಸ್ತಿದ್ವಿ, ಇಬ್ಬರೂ ಸಹಿ ಹಾಕ್ಬೇಕು, ಒಬ್ಬರೇ ಎಣಿಸೋ ಹಾಗಿಲ್ಲ. ಬರಬರ್ತಾ ಚಿಲ್ಲರೆ ಕಮ್ಮಿ ಆಯ್ತು, ಬಾಗಿಲ ಹತ್ರ ಕಾರ್ಡ್ ಮಷೀನ್ ಬಂತು. ನೀವು ಇಲ್ಲಿ ಟ್ಯಾಕ್ಸ್ ಕಟ್ಟೋರಾದ್ರೆ ಗಿಫ್ಟ್ ಏಡ್ ಫಾರಂಗೆ ಸಹಿ ಹಾಕಿ, ನೀವು ಕೊಡೋ ಒಂದೊಂದು ಪೌಂಡಿಗೂ ಸರ್ಕಾರದಿಂದ 25 ಪೆನ್ಸ್ ಚರ್ಚಿಗೆ ವಾಪಸ್ ಬರತ್ತೆ, ನಿಮ್ಮ ಜೇಬಿಗೆ ಹೊರೆ ಇಲ್ಲ. ರಿಪೇರಿ ಖರ್ಚೂ ಪಿಸಿಸಿ ತಲೆ ಮೇಲೇನೇ, ಐದು ವರ್ಷಕ್ಕೊಮ್ಮೆ ಆರ್ಕಿಟೆಕ್ಟ್ ಬಂದು ಸೂರು ಗೋಡೆ ಎಲ್ಲ ನೋಡಿ ಉದ್ದದ ಪಟ್ಟಿ ಕೊಟ್ಟು ಹೋಗ್ತಾರೆ, ಅದನ್ನ ಓದಿದ ದಿನ ನಂಗೆ ನಿದ್ದೆ ಬರ್ತಿರಲಿಲ್ಲ. ದುಡ್ಡಿದೆ ಅಂತ ನೀವೇ ಸರಿಮಾಡೋಕೂ ಆಗಲ್ಲ, ಫ್ಯಾಕಲ್ಟಿ ಅಂತ ಡಯಾಸಿಸ್ಸಿಂದ ಪರ್ಮಿಷನ್ ಬೇಕು. ಸಣ್ಣಪುಟ್ಟದಕ್ಕೆ ವಿನಾಯ್ತಿ ಇದೆ, ಬೆಂಚು ಕಿತ್ತು ಕುರ್ಚಿ ಹಾಕ್ತೀನಿ ಅಂದ್ರೆ ಮಾತ್ರ ತಿಂಗಳುಗಟ್ಟಲೆ, ಜಗಳ ಬೇರೆ.

ಪ್ರಶ್ನೆ: (ಹಾಸನದವರೇ ಮತ್ತೆ ಬರೆದಿದ್ದಾರೆ) ಸರ್, ಹೋಗ್ತೀವಿ ಅಂತ ಒಪ್ಪಿಸಿದೆ! ಮೀಟಿಂಗ್ ಬಿಟ್ಟು ವರ್ಷದಲ್ಲಿ ಇನ್ಯಾವಾಗ ಹೋಗಬಹುದು, ನಮ್ಮಂಥೋರು?

ಉತ್ತರ: ಅವರ ವರ್ಷ ಶುರುವಾಗೋದು ಜನವರಿಗಲ್ಲ, ಕ್ರಿಸ್ಮಸ್‌ಗೆ ನಾಲ್ಕು ಭಾನುವಾರ ಮುಂಚೆ, ಆಡ್ವೆಂಟಿಗೆ. ವಾರಕ್ಕೊಂದು ಮೇಣದಬತ್ತಿ ಹಚ್ತಾ ಬರ್ತಾರೆ. ಡಿಸೆಂಬರ್ ಕ್ಯಾರಲ್ ಹಾಡೋ ಸಂಜೆಗೆ ಇಡೀ ಊರೇ ಬರತ್ತೆ, ನೀವೂ ಹೋಗಿ. ಬೂದಿ ಬುಧವಾರಕ್ಕೆ ಹಣೆಗೆ ಹಚ್ಚೋ ಬೂದಿ ಹಿಂದಿನ ವರ್ಷದ ಗರಿಗಳ ಭಾನುವಾರದ ಗರಿ ಸುಟ್ಟು ಮಾಡಿದ್ದು, ನಂಗೆ ಬಲು ಇಷ್ಟದ ಸಂಗತಿ ಇದು. ಆಮೇಲೆ ಲೆಂಟಿನ (ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲ) ನಾಲ್ಕನೇ ಭಾನುವಾರ ಮದರಿಂಗ್ ಸಂಡೇ, ಮಕ್ಕಳ ಕೈಲಿ ಅಮ್ಮಂದಿರಿಗೆ ಹಳದಿ ಡ್ಯಾಫೊಡಿಲ್ ಕೊಡಿಸ್ತಾರೆ, ಮಗಳನ್ನ ಕರ್ಕೊಂಡು ಹೋಗಿ. ಬೇಸಿಗೇಲಿ ಜಾತ್ರೆ ಥರ ಫೇಟ್ ಇರತ್ತೆ, ಕೇಕ್ ಅಂಗಡಿಗೆ ಕೈ ಬೇಕೇ ಬೇಕು.

ನಿಮಗೆ ಹೇಳಿ ಮಾಡಿಸಿದ್ದು ಸೆಪ್ಟೆಂಬರ್-ಅಕ್ಟೋಬರಿನ ಹಾರ್ವೆಸ್ಟ್, ನಮ್ಮ ಸುಗ್ಗಿನೇ. ಸಿಎಸ್‌ಐ ಚರ್ಚುಗಳಲ್ಲಿ ಕುಂಬಳಕಾಯಿ, ಬಾಳೆಗೊನೆ, ಕೋಳಿ ತಂದು ಹರಾಜು ಹಾಕ್ತಾರಲ್ಲ, ಇಲ್ಲಿ ಹರಾಜಿಲ್ಲ, ಬಂದಿದ್ದು ಹೆಚ್ಚಾಗಿ ಕಷ್ಟದಲ್ಲಿರೋರಿಗೆ ಪುಕ್ಕಟೆ ದಿನಸಿ ಕೊಡೋ ಫುಡ್ ಬ್ಯಾಂಕಿಗೆ ಹೋಗತ್ತೆ. ಅದಕ್ಕೇ ತರಕಾರಿಗಿಂತ ಡಬ್ಬಿ, ಪ್ಯಾಕೆಟ್ ತನ್ನಿ ಅಂತಾರೆ. ಬೇಳೆ, ಅಕ್ಕಿ ಪ್ಯಾಕೆಟ್ ನಡೆಯತ್ತೆ, ಮನೇಲಿ ಮಾಡಿದ ಉಪ್ಪಿನಕಾಯಿ ಫುಡ್ ಬ್ಯಾಂಕಿನವರು ತಗೊಳಲ್ಲ. ಆದ್ರೂ ಒಂದು ಬಾಟಲ್ ಒಯ್ದು ವಾರ್ಡನ್‌ಗೆ ಕೊಡಿ, ಮುಂದಿನ ಮೀಟಿಂಗಲ್ಲಿ ನಿಮ್ಮನ್ನ ಹೆಸರಿಡಿದು ಕರೀತಾರೆ.